ಕಾರಿನ ಜೊತೆ ಬಂದ ತುಳಸಿ ಗಿಡ

ಹೋದ ವರ್ಷ ನನ್ನ ತಮ್ಮ ಡೀಸೆಲ್ ಕಾರು ತಗೊಂಡಾಗ ಶೋರೂಮಿನವರು ಕೀ ಜೊತೆ ಒಂದು ತುಳಸಿ ಗಿಡ ಕೊಟ್ಟರು. ಪ್ಲಾಸ್ಟಿಕ್ ಕುಂಡ, ಸುತ್ತಲೂ ಪಳಪಳ ಹೊಳೆಯೋ ಪ್ಲಾಸ್ಟಿಕ್ ಹಾಳೆ, ರಿಬ್ಬನ್ನು. ಜೊತೆಗೊಂದು ಕಾರ್ಡು: ಪರಿಸರ ನಮ್ಮ ಹೊಣೆ ಅಂತ. ಗಿಡ ಅಮ್ಮನ ಬಾಲ್ಕನಿಯಲ್ಲಿ ಚೆನ್ನಾಗೇ ಇದೆ. ನನ್ನ ತಕರಾರು ಆ ಕಾರ್ಡಿನ ಬಗ್ಗೆ.

ಫೋಕ್ಸ್‌ವ್ಯಾಗನ್ ಕೂಡ ಅಮೆರಿಕದಲ್ಲಿ ‘ಕ್ಲೀನ್ ಡೀಸೆಲ್’ ಅಂತ ವರ್ಷಗಟ್ಟಲೆ ಡಂಗುರ ಹೊಡೆದಿತ್ತು. ಅದರ ಜೆಟ್ಟಾ ಟಿಡಿಐ ಅನ್ನೋ ಡೀಸೆಲ್ ಕಾರಿಗೆ 2009ರ ಹಸಿರು ಕಾರು ಪ್ರಶಸ್ತಿಯೂ ಬಂತು. 2015ರ ಸೆಪ್ಟೆಂಬರಿನಲ್ಲಿ ಬಣ್ಣ ಬಯಲಾಯ್ತು. ಸ್ಟೀರಿಂಗ್ ಅಲ್ಲಾಡ್ತಿಲ್ಲ, ಚಕ್ರ ಮಾತ್ರ ತಿರುಗ್ತಿದೆ ಅಂದ್ರೆ ಇದು ಪರೀಕ್ಷೆ ಅಂತ ಕಾರಿನ ಸಾಫ್ಟ್‌ವೇರೇ ಪತ್ತೆ ಹಚ್ಚಿ, ಆಗ ಮಾತ್ರ ಹೊಗೆ ಕಮ್ಮಿ ಮಾಡುತ್ತಿತ್ತು. ಇನ್‌ಸ್ಪೆಕ್ಟರು ಬಂದ ದಿನ ಕೈಕಟ್ಟಿ ಕೂರೋ ಹುಡುಗರ ಥರ. ರಸ್ತೆಗಿಳಿದರೆ ನೈಟ್ರೋಜನ್ ಆಕ್ಸೈಡು ಅನ್ನೋ ವಿಷಗಾಳಿ ಮಿತಿಯ 40 ಪಟ್ಟಿನವರೆಗೆ! ಜಗತ್ತಿನಾದ್ಯಂತ ಇಂಥವು 1.1 ಕೋಟಿ ಕಾರು. ಸುಳಿವು ಸಿಕ್ಕಿದ್ದು ಹೇಗೆ ಗೊತ್ತಾ? ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದವರು ಡಿಕ್ಕಿಯಲ್ಲಿ ಅಳತೆ ಯಂತ್ರ ತುಂಬಿಕೊಂಡು ನಿಜವಾದ ರಸ್ತೆ ಮೇಲೆ ಓಡಿಸಿ ನೋಡಿದ್ದರು. ಅಷ್ಟೇ.

ಹಾಗಾಗಿ ಯಾರು ಏನು ಶಪಥ ಮಾಡಿದರೂ ನನ್ನದು ಒಂದೇ ಪ್ರಶ್ನೆ: ಅಳೆಯೋರು ಯಾರು?

2030ಕ್ಕೆ ಪೂರ್ತಿ ಎಲೆಕ್ಟ್ರಿಕ್ ಅಂತ ವೋಲ್ವೋ 2021ರಲ್ಲಿ ಹೇಳಿತ್ತು, 2024ರಲ್ಲಿ ಹಿಂದೆ ಸರಿಯಿತು. ಮರ್ಸಿಡಿಸ್‌ನವರು ಜಾಣರು, ‘ಮಾರುಕಟ್ಟೆ ಅನುಕೂಲ ಇದ್ದರೆ’ ಅಂತ ಮೊದಲೇ ಬಾಲ ಅಂಟಿಸಿದ್ದರು. ನಮ್ಮ ಕಡೆ ದೆವ್ವ ಬರಬಾರದು ಅಂತ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೀತಿದ್ರಲ್ಲ, ಈ ಇಸವಿಗಳೂ ಹಾಗೇ.

ಗುಜರಿ ವಿಷಯದಲ್ಲಿ ಮಾತ್ರ ಸ್ವಲ್ಪ ಆಸೆ ಇದೆ. 2025ರ ಏಪ್ರಿಲ್‌ನಿಂದ ನಮ್ಮಲ್ಲಿ ಹೊಸ ನಿಯಮ. 20 ವರ್ಷದ ಹಿಂದೆ ಮಾರಿದ ಖಾಸಗಿ ಗಾಡಿಗಳ ಉಕ್ಕಿನಲ್ಲಿ ಸದ್ಯಕ್ಕೆ ಶೇ. 8ರಷ್ಟಾದರೂ ಉಕ್ಕು ಗುಜರಿಯಿಂದ ವಾಪಸ್ ಬಂದಿದೆ ಅಂತ ಕಾರು ಕಂಪನಿಯವರು ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಗಳ ಪ್ರಮಾಣಪತ್ರ ತೋರಿಸಬೇಕು. 8 ಕಮ್ಮಿಯೇ. (ಶಿವಾಜಿನಗರದ ಗುಜರಿಯವರು ಯಾವ ಶಪಥವೂ ಇಲ್ಲದೆ ಹಳೇ ಗಾಡಿಯ ಬಾಗಿಲು, ಹೆಡ್‌ಲೈಟು, ಡೈನಮೋ ಅಂತ ಬಿಡಿಬಿಡಿಯಾಗಿ ಮಾರಿ ಬದುಕಿದ್ದಾರೆ, ಅದು ಬೇರೆ ಮಾತು.) ಆದರೂ ಲೆಕ್ಕ ಒಪ್ಪಿಸಬೇಕಾದ ಅಂಕಿ ಅದು, ಕಾರ್ಡಿನ ಮೇಲಿನ ಪದ್ಯ ಅಲ್ಲ.

ಹೊಗೆಯದ್ದೇ ಬೇಜಾರು. ಬಂಕಿನ ಪಕ್ಕದ ಎಮಿಷನ್ ಟೆಸ್ಟ್ ವ್ಯಾನಿನಲ್ಲಿ ಪೆಟ್ರೋಲ್ ಗಾಡಿಯಾದರೆ ಕಾರ್ಬನ್ ಮೊನಾಕ್ಸೈಡು, ಹೈಡ್ರೋಕಾರ್ಬನ್ನು; ಡೀಸೆಲ್ಲಾದರೆ ಹೊಗೆ ಎಷ್ಟು ದಟ್ಟ ಅಂತ ನೋಡ್ತಾರೆ. ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದ ಆ ನೈಟ್ರೋಜನ್ ಆಕ್ಸೈಡನ್ನ ಅಲ್ಲಿ ಅಳೆಯೋದೇ ಇಲ್ಲ.

ಹೋದ ವಾರ ತಮ್ಮನ ಕಾರಿಗೆ ಮೊದಲ ಟೆಸ್ಟ್, ನಾನೇ ತಗೊಂಡು ಹೋಗಿದ್ದೆ. ಹುಡುಗ ಸೈಲೆನ್ಸರಿಗೆ ಪೈಪು ತುರುಕಿ “ಸಾರ್, ಸ್ವಲ್ಪ ರೇಸ್ ಮಾಡಿ” ಅಂದ. ಮಾಡಿದೆ. ನಂಬರ್ ಪ್ಲೇಟಿನ ಫೋಟೋ ಹೊಡೆದು ಚೀಟಿ ಕೊಟ್ಟ. ಪಾಸು.