ಟಿಕ್ ಅವರದು, ಐದು ವರ್ಷ ನಿಮ್ಮದು

ಕೆನಡಾ ಪಿಆರ್, ನೂರಕ್ಕೆ ನೂರು ಗ್ಯಾರಂಟಿ. ಪಿಆರ್ ಎಂದರೆ ಅಲ್ಲಿ ಕಾಯಂ ನೆಲೆಸುವ ಹಕ್ಕು; ಅದನ್ನು ಕೊಡಿಸುತ್ತೇವೆನ್ನುವ ಏಜೆಂಟರ ಈ ಜಾಹೀರಾತು ಮತ್ತೆ ಫೋನಿನ ಪರದೆಗೆ ವಕ್ಕರಿಸಿದೆ. ಕೆಂಪು ಮೇಪಲ್ ಎಲೆ, ಸೂಟ್‌ಕೇಸು ಎಳೆಯುತ್ತ ನಗುವ ಸಂಸಾರ, ಹಿಂದೆ ಟೊರೊಂಟೋದ ಸಿಎನ್ ಗೋಪುರ. ಈ ಮಹನೀಯರ ಎದೆಗಾರಿಕೆಗೆ ಮೊದಲು ಕೈಮುಗಿಯಬೇಕು. ಅಧಿಕಾರಿ ಕಡತ ತೆರೆಯುವ ಮೊದಲೇ ಇವರು ಫಲಿತಾಂಶ ಘೋಷಿಸಿರುತ್ತಾರೆ. ಜ್ಯೋತಿಷಿಗಳಾದರೂ ಜಾತಕ ಕೇಳುತ್ತಾರೆ. ಇವರಿಗೆ ಅಡ್ವಾನ್ಸ್ ಸಾಕು.

ಇತ್ತ ಕೆನಡಾದ ವಲಸೆ ಇಲಾಖೆಯ ಔದಾರ್ಯವೂ ಕಡಿಮೆಯದಲ್ಲ. ಫಾರಂಗಳೆಲ್ಲ ಉಚಿತ, ಕನ್ಸಲ್ಟೆಂಟ್ ಇಟ್ಟುಕೊಳ್ಳಲೇಬೇಕೆಂದಿಲ್ಲ, ಇಟ್ಟುಕೊಂಡವರ ಅರ್ಜಿಗೆ ವಿಶೇಷ ಮರ್ಯಾದೆಯೂ ಇಲ್ಲ ಎಂದು ಅದು ಸ್ಪಷ್ಟವಾಗಿಯೇ ಸಾರುತ್ತದೆ. ಸಂತೋಷ. ಹಾಗಾದರೆ ನೀವೇ ತುಂಬಲು ಕೂರಿ. ವಯಸ್ಸು, ಓದು, ಅನುಭವ, ಭಾಷೆಗೆ ಅಂಕ ಕೊಟ್ಟು ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಅರ್ಜಿ ಹಾಕಿ ಎಂಬ ಕರೆ ಬಂದ ದಿನದಿಂದ 60 ದಿನ ಸಮಯ. ಕಳೆದ 10 ವರ್ಷ ಏನು ಮಾಡುತ್ತಿದ್ದಿರಿ ಎಂಬುದನ್ನು ಒಂದು ತಿಂಗಳೂ ಬಿಡದೆ ಬರೆಯಬೇಕು. ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದರೆ ನಿರುದ್ಯೋಗಿ ಎಂದೇ ಒಪ್ಪಿಕೊಳ್ಳಬೇಕು. ಮಾನಕ್ಕೆ ಅಂಜಿ ಖಾಲಿ ಬಿಟ್ಟರೆ ಅರ್ಜಿ ಅಪೂರ್ಣ, ಅಪೂರ್ಣವಾದರೆ ವಾಪಸ್. ಈ 10 ವರ್ಷದಲ್ಲಿ ಸತತ ಆರು ತಿಂಗಳು ಇದ್ದ ಪ್ರತಿ ದೇಶದಿಂದಲೂ ಪೊಲೀಸ್ ಪ್ರಮಾಣಪತ್ರ ತರಬೇಕು. 2025ರ ಆಗಸ್ಟ್‌ನಿಂದ ವೈದ್ಯಕೀಯ ಪರೀಕ್ಷೆಯನ್ನೂ ಅರ್ಜಿಗೆ ಮೊದಲೇ ಮುಗಿಸಿಕೊಂಡು ಬರಬೇಕು. ಯಾರ ಸಹಾಯವೂ ಬೇಕಿಲ್ಲವಲ್ಲ!

ಇವೆಲ್ಲಕ್ಕಿಂತ ಹೆಚ್ಚು ಅರ್ಜಿಗಳು ಎಡವುವುದು ಅನುಭವದ ಪತ್ರದಲ್ಲಿ. ಕಂಪನಿಯ ಎಚ್‌ಆರ್ ಕೊಡುವ ಪತ್ರದಲ್ಲಿ ಸೇರಿದ ತಾರೀಖು, ಬಿಟ್ಟ ತಾರೀಖು, ಕೊನೆಗೊಂದು ಹಾರೈಕೆ ಇರುತ್ತದೆ. ಇಲಾಖೆಗೆ ಬೇಕಾದದ್ದು ಹುದ್ದೆ, ವಾರಕ್ಕೆ ಎಷ್ಟು ಗಂಟೆ, ಸಂಬಳ, ಭತ್ಯೆ, ಮಾಡಿದ ಕೆಲಸಗಳ ಪಟ್ಟಿ, ಲೆಟರ್‌ಹೆಡ್, ಮೇಲಧಿಕಾರಿಯ ಸಹಿ. ಹಾರೈಕೆ ಬೇಡ. ಇಲ್ಲಿ ಏಜೆಂಟ್ ಮಹಾಶಯರು ಪ್ರವೇಶಿಸುತ್ತಾರೆ. ಕೆನಡಾದ ಉದ್ಯೋಗ ವರ್ಗೀಕರಣ ಪಟ್ಟಿಯಾದ ಎನ್‌ಒಸಿಯಲ್ಲಿ ನಿಮ್ಮ ಹುದ್ದೆಗೆ ಬರೆದಿರುವ ಕರ್ತವ್ಯಗಳನ್ನು ಅಕ್ಷರವೂ ಬಿಡದೆ ಎತ್ತಿ ಪತ್ರದಲ್ಲಿ ಇಳಿಸುತ್ತಾರೆ. ದಿನವಿಡೀ ಆ ಪಟ್ಟಿಯನ್ನೇ ಓದುವ ಅಧಿಕಾರಿಗೆ ಅದು ಗೊತ್ತಾಗುವುದಿಲ್ಲ ಎಂಬುದು ಅವರ ಅಚಲ ನಂಬಿಕೆ. ನಂಬಿಕೆಯ ಬೆಲೆ ಪ್ಯಾಕೇಜಿನಲ್ಲೇ ಸೇರಿರುತ್ತದೆ.

ಅಲ್ಲಿ ಹೋಗಿ ನೆಲೆಯೂರಲು ಕೈಯಲ್ಲಿ ಹಣವಿದೆ ಎಂದು ತೋರಿಸುವ ಪುರಾವೆಯದ್ದೂ ಇದೇ ಕತೆ. ಒಂದು ವಾರದ ಮಟ್ಟಿಗೆ ಯಾರಿಂದಲಾದರೂ ತಂದು ಖಾತೆಗೆ ಹಾಕಿಬಿಡಿ ಸರ್, ಪತ್ರ ಸಿಕ್ಕ ಮೇಲೆ ವಾಪಸ್ ಕೊಟ್ಟರಾಯಿತು ಎನ್ನುತ್ತಾರೆ. ಬ್ಯಾಂಕಿನ ಪತ್ರದಲ್ಲಿ ಕಳೆದ ಆರು ತಿಂಗಳ ಸರಾಸರಿ ಬಾಕಿಯೂ ಇರಲೇಬೇಕು ಎಂಬುದನ್ನು ಮಾತ್ರ ಹೇಳುವುದಿಲ್ಲ. ಸಾಲದ ಹಣ ಲೆಕ್ಕಕ್ಕೇ ಬರುವುದಿಲ್ಲ ಎಂಬುದನ್ನಂತೂ ಕೇಳಲೇಬೇಡಿ.

ಹಾಗೆಂದು ಸರ್ಕಾರ ಕಣ್ಣುಮುಚ್ಚಿ ಕೂತಿಲ್ಲ. ಸಹಾಯವೇ ಬೇಕಿಲ್ಲ ಎನ್ನುತ್ತಲೇ ಸಹಾಯಕರನ್ನು ನಿಯಂತ್ರಿಸಲು ಅದು ಸಂಸ್ಥೆಗಳ ಮೇಲೆ ಸಂಸ್ಥೆ ಹುಟ್ಟುಹಾಕಿದೆ. 2004ರಲ್ಲಿ ಒಂದು ಬಂತು. ಅದರ ಮೇಲೆ ದೂರುಗಳ ರಾಶಿ ಬಿದ್ದ ಮೇಲೆ 2011ರಲ್ಲಿ ಇನ್ನೊಂದು. 2017ರಲ್ಲಿ ಸಂಸತ್ತಿನ ವಲಸೆ ಸಮಿತಿಯೇ ಈ ವ್ಯವಸ್ಥೆಯನ್ನು ಜಾಲಾಡಿ ವರದಿ ಕೊಟ್ಟಿತು. 2021ರ ನವೆಂಬರ್‌ನಲ್ಲಿ ಮೂರನೆಯದು, ಈಗಿನ ಕಾಲೇಜ್ ಆಫ್ ಇಮಿಗ್ರೇಷನ್ ಅಂಡ್ ಸಿಟಿಜನ್‌ಶಿಪ್ ಕನ್ಸಲ್ಟೆಂಟ್ಸ್. ಹಳೆಯ ಸಂಸ್ಥೆಯ ಸದಸ್ಯರು ಹೊಸ ಹೆಸರಿನಡಿ ಬಂದು ಕೂತರು. ಬೋರ್ಡ್ ಬರೆಯುವವರಿಗಂತೂ ಒಳ್ಳೆಯ ಕಾಲ.

ಈ ಕಾಲೇಜಿನ ಪಟ್ಟಿ ಮಾತ್ರ ಉಪಯೋಗಕ್ಕೆ ಬರುತ್ತದೆ, ಅದನ್ನು ಲೇವಡಿ ಮಾಡಲು ಮನಸ್ಸಿಲ್ಲ. ಹಣ ಪಡೆದು ಸಲಹೆ ಕೊಡಲು ಕಾನೂನು ಒಪ್ಪುವುದು ಅಲ್ಲಿನ ವಕೀಲರು, ಕ್ವಿಬೆಕ್‌ನ ನೋಟರಿಗಳು, ಒಂಟಾರಿಯೋದ ಪರವಾನಗಿ ಪಡೆದ ಪ್ಯಾರಾಲೀಗಲ್‌ಗಳು (ಸೀಮಿತ ಕಾನೂನು ಸೇವೆ ಕೊಡುವವರು) ಮತ್ತು ಈ ಕಾಲೇಜಿನ ಸದಸ್ಯರನ್ನು ಮಾತ್ರ. ಸದಸ್ಯರ ಹೆಸರು, ಪರವಾನಗಿ ಸಂಖ್ಯೆ, ಅದು ಚಾಲ್ತಿಯಲ್ಲಿದೆಯೇ ಅಮಾನತಾಗಿದೆಯೇ ಎಂಬುದೆಲ್ಲ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಜಾಹೀರಾತಿನಲ್ಲಿ ಫೋಟೋ ಇರುವ ಸದಸ್ಯ ಬೇರೆ, ನಿಮ್ಮ ಫಾರಂ ತುಂಬುವ ಹುಡುಗ ಬೇರೆ. ಸಹಿ ಹಾಕುವವರು ಯಾರು ಎಂದು ಕೇಳಿದ ತಕ್ಷಣ ಸರ್ ಮೀಟಿಂಗಿನಲ್ಲಿರುತ್ತಾರೆ.

ಹಾಗಾದರೆ ಯಾರಿಗೆ ಬೇಕು ಈ ಸಹಾಯ? ಒಂದೇ ಊರಿನಲ್ಲಿ ಓದಿ, ಎರಡು ಕಂಪನಿಯಲ್ಲಿ ದುಡಿದು, ಎಲ್ಲಿಯೂ ವೀಸಾ ನಿರಾಕರಣೆ ಕಾಣದವರಿಗೆ ಖಂಡಿತ ಬೇಡ. ತಾರೀಖುಗಳನ್ನು ಮೊದಲು ಒಂದು ಹಾಳೆಯ ಮೇಲೆ ಬರೆದುಕೊಂಡು, ವಿಳಾಸಗಳ ಪಟ್ಟಿಗೂ ಕೆಲಸದ ಪಟ್ಟಿಗೂ ತಾಳೆ ನೋಡುವಷ್ಟು ತಾಳ್ಮೆ ಇದ್ದರೆ ಸಾಕು. ಹಿಂದೆ ಅರ್ಜಿ ತಿರಸ್ಕಾರಗೊಂಡಿದ್ದರೆ, ಮಗುವಿನ ಸುಪರ್ದಿಯ ತಕರಾರಿದ್ದರೆ, ಪೊಲೀಸ್ ಕೇಸಿದ್ದರೆ ಮಾತು ಬೇರೆ. ಕುಡಿದು ವಾಹನ ಓಡಿಸಿದ ಒಂದು ಶಿಕ್ಷೆ ಕೂಡ 2018ರ ಡಿಸೆಂಬರ್ ನಂತರ ಕೆನಡಾ ಕಾನೂನಿನಲ್ಲಿ ಗಂಭೀರ ಅಪರಾಧದ ಸಾಲಿಗೆ ಸೇರಿದೆ. ಇಂಥವರು ವಕೀಲರ ಬಳಿಗೇ ಹೋಗಲಿ. ತಿರಸ್ಕಾರವನ್ನು ಫೆಡರಲ್ ಕೋರ್ಟಿನಲ್ಲಿ ಪ್ರಶ್ನಿಸಬೇಕಾದರೆ ಕನ್ಸಲ್ಟೆಂಟ್ ಅಲ್ಲಿ ವಾದಿಸುವಂತಿಲ್ಲ. ಹೊರದೇಶದಲ್ಲಾದ ತೀರ್ಮಾನಕ್ಕೆ 60 ದಿನ, ಕೆನಡಾದೊಳಗಿನದಕ್ಕೆ 15 ದಿನ ಗಡುವು. ಏಜೆಂಟ್ ಫೋನ್ ಎತ್ತುವುದನ್ನು ಕಾಯುತ್ತ ಕೂತರೆ ಆ 15 ದಿನ ಅಲ್ಲೇ ಮುಗಿಯುತ್ತದೆ.

ನಗು ನಿಲ್ಲುವುದು ಒಂದು ಪ್ರಶ್ನೆಯ ಮುಂದೆ. ಕೆನಡಾ ಅಥವಾ ಬೇರಾವುದೇ ದೇಶ ನಿಮಗೆ ಎಂದಾದರೂ ವೀಸಾ ನಿರಾಕರಿಸಿದೆಯೇ? ಯಾವತ್ತೋ ಅಮೆರಿಕದ ವಿಸಿಟರ್ ವೀಸಾ ಸಿಕ್ಕಿರಲಿಲ್ಲ ಅನ್ನಿ. ಅದನ್ನು ಹೇಳಿ ಎರಡು ಸಾಲು ವಿವರಣೆ ಬರೆದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಏಜೆಂಟ್‌ಗೆ ಎರಡು ಸಾಲು ಬರೆಯುವುದಕ್ಕಿಂತ ಇಲ್ಲ ಎಂದು ಟಿಕ್ ಹೊಡೆಯುವುದು ಸುಲಭ. ಅದು ಸುಳ್ಳು ಮಾಹಿತಿ. ಕೆನಡಾ ವಲಸೆ ಕಾನೂನಿನ 40ನೇ ಸೆಕ್ಷನ್. ಐದು ವರ್ಷ ಕೆನಡಾಕ್ಕೆ ಕಾಲಿಡುವಂತಿಲ್ಲ, ಆ ಐದು ವರ್ಷ ಪಿಆರ್‌ಗೆ ಅರ್ಜಿಯನ್ನೂ ಹಾಕುವಂತಿಲ್ಲ. ಅವನು ತುಂಬಿದ್ದು, ನನಗೆ ಗೊತ್ತಿರಲಿಲ್ಲ ಎಂದರೆ ಕೇಳುವವರು ಕಡಿಮೆ, ಏಕೆಂದರೆ ಎಲ್ಲ ಸತ್ಯ ಎಂದು ಕೊನೆಯಲ್ಲಿ ಘೋಷಿಸಿದ್ದು ನೀವು. ವಯಸ್ಸು 29 ದಾಟಿದ ಮೇಲೆ ವರ್ಷಕ್ಕಿಷ್ಟು ಅಂಕ ಕಳೆಯುತ್ತ ಹೋಗುವ ವ್ಯವಸ್ಥೆಯಲ್ಲಿ ಐದು ವರ್ಷ ಎಂದರೆ ಬಾಗಿಲು ಮುಚ್ಚಿದಂತೆಯೇ. ಟಿಕ್ ಹೊಡೆದವನು ಅಷ್ಟರಲ್ಲಿ ಆಫೀಸಿನ ಹೆಸರು ಬದಲಿಸಿರುತ್ತಾನೆ. ಪರವಾನಗಿಯೇ ಇಲ್ಲದವನಿಂದ ಕಾಲೇಜು ಯಾವ ಪರವಾನಗಿ ಕಿತ್ತುಕೊಂಡೀತು? ಇದರಲ್ಲಿ ತಮಾಷೆ ಹುಡುಕಿ ಹುಡುಕಿ ಸಾಕಾಗಿದೆ. ತುಂಬಿದ ಅರ್ಜಿಯ ಪಿಡಿಎಫ್ ಕೊಡಿ, ಸಲ್ಲಿಸುವ ಮೊದಲು ಓದುತ್ತೇನೆ ಎಂದು ಕೇಳಿ. ಕೊಡದಿದ್ದರೆ ಎದ್ದು ಬನ್ನಿ.

ಅರ್ಜಿ ಸಲ್ಲಿಸುವ ಆನ್‌ಲೈನ್ ಖಾತೆಯ ಇಮೇಲ್, ಪಾಸ್‌ವರ್ಡ್ ಯಾರ ಬಳಿ ಇದೆ ಎಂಬುದೂ ಅಷ್ಟೇ ಮುಖ್ಯ. ನಿಜವಾದ ಪ್ರತಿನಿಧಿ, ಪ್ರತಿನಿಧಿ ಯಾರೆಂದು ಇಲಾಖೆಗೆ ತಿಳಿಸುವ ಐಎಂಎಂ 5476 ಫಾರಂನಲ್ಲಿ ತನ್ನ ಹೆಸರು ಹಾಕುತ್ತಾನೆ. ಪರವಾನಗಿಯಿಲ್ಲದೆ ತೆರೆಮರೆಯಲ್ಲಿ ಕೆಲಸ ಮಾಡುವ ಘೋಸ್ಟ್ ಕನ್ಸಲ್ಟೆಂಟ್ ಆ ಫಾರಂ ಮುಟ್ಟುವುದಿಲ್ಲ. ನಿಮ್ಮ ಹೆಸರಿನಲ್ಲಿ ಜಿಮೇಲ್ ತೆರೆದು ಬೀಗದ ಕೈ ತಾನಿಟ್ಟುಕೊಳ್ಳುತ್ತಾನೆ. ಸಂದೇಹ ಬಂದ ಅಧಿಕಾರಿ ಉತ್ತರ ಕೇಳಿ ಬರೆದ ಪತ್ರ ಅಲ್ಲೇ ಕೊಳೆಯುತ್ತದೆ.

ಇಷ್ಟಾದರೂ ಹಣ ಖರ್ಚು ಮಾಡಲೇಬೇಕೆಂಬ ಹಟವಿದ್ದರೆ ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್ ಮತ್ತೊಮ್ಮೆ ಬರೆಯಿರಿ. ಜನರಲ್ ಟ್ರೈನಿಂಗ್; ಅಕಾಡೆಮಿಕ್ ಬರೆದು ಬಂದವರ ಅಂಕಪಟ್ಟಿ ಇಲ್ಲಿ ನಡೆಯುವುದಿಲ್ಲ. ಲಿಸನಿಂಗ್ 8, ಉಳಿದ ಮೂರರಲ್ಲಿ 7 ಬಂದರೆ ಕೆನಡಾದ ಭಾಷಾ ಮಾಪಕವಾದ ಸಿಎಲ್‌ಬಿಯಲ್ಲಿ 9, ಅಲ್ಲಿ ಸ್ಕೋರ್ ಒಮ್ಮೆಲೇ ಜಿಗಿಯುತ್ತದೆ. ರೈಟಿಂಗ್‌ನಲ್ಲಿ ಆರೂವರೆಗೆ ಸಿಕ್ಕಿಬಿದ್ದವನಿಗೆ ಯಾವ ಕನ್ಸಲ್ಟೆಂಟೂ ಆ ಅರ್ಧ ಬ್ಯಾಂಡ್ ತಂದುಕೊಡಲಾರ. ಮೊದಲು ಜಾಬ್ ಆಫರ್‌ಗೆ 50 ಅಂಕ ಇತ್ತು, ದೊಡ್ಡ ಹುದ್ದೆಗೆ 200. ಏಜೆಂಟರು ಅದನ್ನೂ ಮಾರಾಟಕ್ಕಿಟ್ಟರು. ಸರ್ಕಾರ 2025ರ ಮಾರ್ಚ್ 25ರಂದು ಮಾರಿದವರನ್ನು ಬಿಟ್ಟು ಅಂಕವನ್ನೇ ತೆಗೆದುಹಾಕಿತು. ಪ್ರಾಮಾಣಿಕವಾಗಿ ಕೆಲಸ ಗಿಟ್ಟಿಸಿದವನ ಅಂಕವೂ ಅದರೊಂದಿಗೆ ಹೋಯಿತು.

ಕೊನೆಗೆ ರಸೀದಿ. 2024ರ ಏಪ್ರಿಲ್ 30ರಂದು ನಿಗದಿಯಾದಾಗ ಮುಖ್ಯ ಅರ್ಜಿದಾರರ ಶುಲ್ಕ 1,525 ಕೆನಡಾ ಡಾಲರ್ ಆಗಿತ್ತು: ಪರಿಶೀಲನೆಗೆ 950, ಪಿಆರ್ ಹಕ್ಕಿನ ಶುಲ್ಕ 575. ಬಯೋಮೆಟ್ರಿಕ್ಸ್‌ಗೆ 85 ಬೇರೆ. ಏಜೆಂಟರು ಇದನ್ನೂ ತಮ್ಮ ಫೀಸನ್ನೂ ಕಲಸಿ ಒಂದೇ ಪ್ಯಾಕೇಜ್ ಎನ್ನುತ್ತಾರೆ. ಬಿಡಿಬಿಡಿಯಾಗಿ ಬರೆಸಿಕೊಳ್ಳಿ, ಸರ್ಕಾರದ ಶುಲ್ಕವನ್ನು ನಿಮ್ಮ ಕಾರ್ಡಿನಿಂದಲೇ ಕಟ್ಟಿ. ಅರ್ಜಿ ತಿರಸ್ಕಾರವಾದರೆ ಪರಿಶೀಲನೆಯ ಶುಲ್ಕ ವಾಪಸ್ ಬರುವುದಿಲ್ಲ, ಪಿಆರ್ ಹಕ್ಕಿನ ಶುಲ್ಕ ಬರುತ್ತದೆ. ಕಟ್ಟಿದ್ದು ಯಾರ ಕಾರ್ಡೋ ಅವರಿಗೆ.