ಮೊದಲು ಆ ನಲ್ಲಿ ನೋಡಿ

ಅಪ್ಪನಿಗೆ ಕ್ಯಾತಿಟರ್, ಅಂದರೆ ಮೂತ್ರಕೋಶದಿಂದ ಮೂತ್ರ ಹೊರಗೆ ಹರಿಸೋ ನಳಿಕೆ, ಹಾಕಿ ಏಳು ತಿಂಗಳಾಯಿತು. ಮೂತ್ರಕೋಶದ ಕೆಳಗಿರೋ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿದೆ, ಹೃದಯ ಸರಿಯಿಲ್ಲ ಅಂತ ಆಪರೇಷನ್ ಮುಂದಕ್ಕೆ ಹೋಗುತ್ತಲೇ ಇದೆ. ನಮ್ಮ ಮನೆಯಲ್ಲಿ ಕ್ಯಾತಿಟರ್‌ಗೆ ಪೈಪ್ ಅಂತಲೇ ಹೆಸರು. ಗದಗಿನಿಂದ ಹುಬ್ಬಳ್ಳಿಗೆ ತೋರಿಸೋಕೆ ಹೋಗುವಾಗ ಅಪ್ಪ ಬಸ್ಸಿನಲ್ಲಿ ಯೂರಿನ್ ಬ್ಯಾಗನ್ನು ತೊಡೆ ಮೇಲೆ ಇಟ್ಟುಕೊಂಡು ಟವೆಲ್ ಮುಚ್ಚುತ್ತಾರೆ. ಬ್ಯಾಗ್ ಮೂತ್ರಕೋಶಕ್ಕಿಂತ ಕೆಳಗೇ ಇರಬೇಕು, ಇಲ್ಲದಿದ್ದರೆ ಮೂತ್ರ ವಾಪಸ್ ಹೋಗುತ್ತದೆ ಅಂತ ಸಿಸ್ಟರ್ ಎಷ್ಟೋ ಸಲ ಹೇಳಿದ್ದಾರೆ. ಅಪ್ಪನಿಗೂ ಗೊತ್ತು. ಆದರೆ ಕೆಳಗಿಟ್ಟರೆ ಎಲ್ಲರಿಗೂ ಕಾಣುತ್ತದೆ, ಆ ಗದ್ದಲದಲ್ಲಿ ಯಾರಾದರೂ ತುಳಿದರೆ ಅನ್ನೋ ಹೆದರಿಕೆ ಬೇರೆ.

ಹೋದ ತಿಂಗಳು ನಮ್ಮ ಓಣಿಯ ಹುಡುಗಿಯೊಬ್ಬಳು, ಇಂಜಿನಿಯರಿಂಗ್ ಓದುವವಳು, ತಾನು ಮಾಡಿದ ಒಂದು ಸಾಧನ ತಂದು ತೋರಿಸಿದಳು. ಬ್ಯಾಗ್ ತುಂಬಿದರೆ ಪೀಂ ಅಂತ ಕೂಗುತ್ತದೆ. ಅಪ್ಪ ಪೂರ್ತಿ ಕೇಳಿಸಿಕೊಂಡು ಹೇಳಿದರು: "ಯವ್ವಾ, ಯಾರಿಗೂ ಗೊತ್ತಾಗಬಾರದು ಅಂತ ಧೋತರದಾಗ ಮುಚ್ಚಿಟ್ಟೀನಿ, ಇದು ಊರಿಗೆಲ್ಲ ಕೇಳೂ ಹಂಗ ಕೂಗತೈತಿ. ತುಂಬಿದ್ದು ಭಾರದ ಮ್ಯಾಲೆ ನನಗ ತಿಳೀತೈತಿ. ಈ ನಲ್ಲಿ ನೋಡು ಮೊದಲ."

ಬ್ಯಾಗಿನ ತಳದಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ನಲ್ಲಿ ಇರುತ್ತದೆ, ಅಡ್ಡಕ್ಕೆ ಒತ್ತಿದರೆ ತೆರೆಯುತ್ತದೆ. ಅಪ್ಪನ ಬೆರಳಿಗೆ ಸಂಧಿವಾತ. ಎರಡು ಹೆಬ್ಬೆರಳು ಸೇರಿಸಿ ಒತ್ತುತ್ತಾರೆ, ಒಮ್ಮೆಲೇ ಚಿಮ್ಮುತ್ತದೆ, ಧೋತರ ಒದ್ದೆ. ಆಮೇಲೆ ಇಡೀ ದಿನ ಮಾತಿಲ್ಲ. ಆ ಹುಡುಗಿ ಅಲ್ಲೇ ನೆಲದ ಮೇಲೆ ಕೂತು ನಲ್ಲಿಯನ್ನು ತಾನೇ ಹತ್ತಿಪ್ಪತ್ತು ಸಲ ಒತ್ತಿ ನೋಡಿದಳು, ನಂಗೆ ಅದು ತುಂಬಾ ಇಷ್ಟ ಆಯಿತು.

ನಾನು ಹೇಳೋದು ಇಷ್ಟೇ. ಹೊಸ ಕ್ಯಾತಿಟರ್, ಬ್ಯಾಗ್, ಪಟ್ಟಿ ಏನೇ ಮಾಡಿ, ಅದರ ಜೊತೆ ಬದುಕುವವರ ಮನೆಯಲ್ಲಿ ಪರೀಕ್ಷೆ ಮಾಡಿ. ಒಂದೆರಡು ದಿನ ಅಲ್ಲ, ವಾರಗಟ್ಟಲೆ. ಪೈಪ್ ಒಳಗಿದ್ದರೆ ಒಂದೊಂದು ದಿನಕ್ಕೂ ನೂರರಲ್ಲಿ 3ರಿಂದ 7 ಜನರ ಮೂತ್ರಕ್ಕೆ ಹೊಸದಾಗಿ ಬ್ಯಾಕ್ಟೀರಿಯಾ ಸೇರುತ್ತದೆ, ತಿಂಗಳಾಗುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ. ಅದರಲ್ಲಿ ಪ್ರೋಟಿಯಸ್ ಅಂಥ ಕೆಲವು ಬ್ಯಾಕ್ಟೀರಿಯಾ ಮೂತ್ರದಲ್ಲಿರೋ ಯೂರಿಯಾವನ್ನು ಒಡೆದು ಮೂತ್ರವನ್ನು ಕ್ಷಾರ ಮಾಡುತ್ತವೆ, ಆಗ ಸುಣ್ಣದಂಥ ಹರಳು ಕಟ್ಟಿ ಪೈಪೇ ಮುಚ್ಚಿಹೋಗುತ್ತದೆ. ನಮ್ಮಲ್ಲಿ ಹಾಗೆ ಆಗಿದ್ದು ರಾತ್ರಿ ಎರಡು ಗಂಟೆಗೆ. ಹೊಟ್ಟೆ ಕಲ್ಲಿನಂತಾಗಿ ಅಪ್ಪ ಗೋಡೆ ಹಿಡಿದು ನಿಂತಿದ್ದರು. ಎರಡು ದಿನದ ಪರೀಕ್ಷೆಯಲ್ಲಿ ಇದು ಕಾಣಲ್ಲ.

ಫ್ರೆಡರಿಕ್ ಫೋಲಿ ಅನ್ನೋ ಅಮೆರಿಕದ ಡಾಕ್ಟರು ತುದಿಗೆ ಬಲೂನ್ ಇರೋ ಈ ಪೈಪ್ ರೂಪಿಸಿದ್ದು 1930ರ ದಶಕದಲ್ಲಿ. ಈಗ ಲೇಟೆಕ್ಸ್ ಜೊತೆ ಸಿಲಿಕೋನ್ ಬಂದಿದೆ, ಆಕಾರ ಜಾಸ್ತಿ ಬದಲಾಗಿಲ್ಲ. ಹೊಸದು ಬರಲೇಬೇಕು. ಪರೀಕ್ಷೆಗೆ ಕರೆದರೆ ಅಪ್ಪನೂ ತಯಾರಿದ್ದಾರೆ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಕೂತು ಓದಿ ಹೇಳಲಿ. ಬೇಡ ಅನಿಸಿದರೆ ನಡುವೆಯೇ ಬಿಡಬಹುದು, ಅದರಿಂದ ಚಿಕಿತ್ಸೆ ನಿಲ್ಲಲ್ಲ ಅನ್ನೋದನ್ನ ಮೊದಲೇ ತಿಳಿಸಲಿ. ಬ್ಯಾಗ್ ಖಾಲಿ ಮಾಡೋ ಅವ್ವನನ್ನೂ ಕೇಳಲಿ.

ಬರೋ ಗುರುವಾರ ಪೈಪ್ ಬದಲಿಸಬೇಕು. ಅವ್ವ ಹಳೇ ಖಣದಲ್ಲಿ ಬ್ಯಾಗಿಗೆ ಹೊಸ ಚೀಲ ಹೊಲಿದಿದ್ದಾಳೆ. ಬಸ್ಸಿನಲ್ಲಿ ಮೊಣಕಾಲ ಕೆಳಗೆ ಕಟ್ಟೋಕೆ ಲಾಡಿ, ನಲ್ಲಿ ಹೊರಗೆ ಬರೋಕೆ ತಳದಲ್ಲಿ ಒಂದು ಕಿಂಡಿ ಬಿಟ್ಟಿದ್ದಾಳೆ.