ಮೋಡಿ ಓದುವವರು ಎಷ್ಟು ಜನ ಉಳಿದಿದ್ದಾರೆ?

ನಮ್ಮ ಮನೆಯ ಟ್ರಂಕಿನಲ್ಲಿ ಒಂದು ವಾಟ್ನಿ ಪತ್ರ ಇದೆ. ಮುತ್ತಜ್ಜನ ಕಾಲದ್ದು. ಬೆಳಗಾವಿ ಜಿಲ್ಲೆಯ ನಮ್ಮ ಹಳ್ಳಿಯ ಎರಡು ಹೊಲ, ಒಂದು ಬಾವಿ ಅಣ್ಣತಮ್ಮಂದಿರ ನಡುವೆ ಹೇಗೆ ಹಂಚಿಕೆಯಾಯಿತು ಅನ್ನೋದು ಅದರಲ್ಲಿದೆ ಅಂತ ಅಪ್ಪ ಹೇಳುತ್ತಿದ್ದರು. ಆದರೆ ಅವರೂ ಅದನ್ನು ಓದಿದವರಲ್ಲ. ಅದು ಮೋಡಿ ಅಕ್ಷರ, ಮರಾಠಿ ಬರೆಯುತ್ತಿದ್ದ ಹಳೆಯ ಕೂಡುಬರಹ.

ಬಾವಿಯ ಹಕ್ಕಿನ ಮಾತು ಬಂದಾಗ ಆ ಪತ್ರ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದೆ. "ಓದಿಸಿ, ಕನ್ನಡಕ್ಕ ಮಾಡಿಸ್ಕೊಂಡು ಬರ್ರಿ" ಅಂದರು. ಓದೋರು ಯಾರಿದ್ದಾರೆ ಅಂತ ಕೇಳಿದರೆ ಅಲ್ಲಿ ಯಾರಿಗೂ ಗೊತ್ತಿಲ್ಲ. ಎರಡು ವರ್ಷ ಹೀಗೇ ಹೋಯಿತು.

ಪೇಶ್ವೆಯರ ಆಳ್ವಿಕೆ ಕಂಡ ನಮ್ಮ ಕಡೆ ಇಂಥ ಪತ್ರ ಎಷ್ಟೋ ಮನೆಗಳಲ್ಲಿವೆ. ಮರಾಠಿಯನ್ನು ಅಚ್ಚುಕಟ್ಟಾಗಿ ಬರೆಯಲು ಬಾಳಬೋಧ, ಅಂದರೆ ದೇವನಾಗರಿ. ಲೆಕ್ಕಪತ್ರ, ದಫ್ತರದ ಅವಸರದ ಕೆಲಸಕ್ಕೆ ಮೋಡಿ. 1917ರಲ್ಲಿ ಮುಂಬೈ ಸರ್ಕಾರ ಆಡಳಿತಕ್ಕೆ ಬಾಳಬೋಧವೇ ಇರಲಿ ಅಂತ ತೀರ್ಮಾನಿಸಿತು. ಮುಂದೆ ಕೆಲವು ದಶಕಗಳಲ್ಲಿ ಶಾಲೆಗಳಿಂದಲೂ ಮೋಡಿ ಹೋಯಿತು. ಕಾಗದಗಳು ಮಾತ್ರ ಹಾಗೇ ಉಳಿದವು.

ಕೊನೆಗೆ ತಾಲೂಕಿನ ಊರೊಂದರಲ್ಲಿ ಎಂಬತ್ತು ದಾಟಿದ ನಿವೃತ್ತ ಮಾಸ್ತರರೊಬ್ಬರು ಸಿಕ್ಕರು. ತಂದೆಯಿಂದ ಕಲಿತವರು. ಪತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊದಲು ತೋರಿಸಿದ್ದು ಮೇಲಿನ ಗೆರೆ. "ನೋಡ್ರಿ, ಹಾಳೆಯ ಈ ಅಂಚಿಂದ ಆ ಅಂಚಿನತನಕ ಮೊದಲ ಗೆರಿ ಎಳೀತಿದ್ದರು. ಆಮ್ಯಾಲೆ ಅದಕ್ಕ ಅಕ್ಷರ ಜೋತುಬಿಡೋದು." ಲೇಖಣಿ ಎತ್ತದೆ ಒಂದು ಅಕ್ಷರದ ಬಾಲದಿಂದಲೇ ಮುಂದಿನದರ ತಲೆ. ಪದಗಳ ನಡುವೆ ಬಿಡುವಿಲ್ಲ. ಇ-ಈ, ಉ-ಊಗಳಲ್ಲಿ ಹ್ರಸ್ವ ದೀರ್ಘದ ಭೇದವೂ ಇಲ್ಲ. 'ದಿನ' ಮತ್ತು 'ದೀನ' ಎರಡನ್ನೂ ಒಂದೇ ರೀತಿ ಬರೆಯುತ್ತಾರೆ. ಯಾವುದು ಯಾವುದು ಅಂತ ತಿಳಿಯಬೇಕಾದರೆ ವ್ಯವಹಾರ ಗೊತ್ತಿರಬೇಕು, ಊರಿನ ಹೆಸರು ಗೊತ್ತಿರಬೇಕು, ಹೊಲದ ಚೆಕ್ಕುಬಂದಿ ಗೊತ್ತಿರಬೇಕು. ಅಕ್ಷರಮಾಲೆ ಕಲಿತ ಮಾತ್ರಕ್ಕೆ ಓದಲು ಬರುವ ಬರವಣಿಗೆ ಇದಲ್ಲ.

ಮೋಡಿ ಅಂದರೆ ನಮಗೆ ಮಾಯೆ, ಮಂತ್ರ. ಮರಾಠಿಯಲ್ಲಿ ಅದನ್ನು 'ಮೋಡಣೆ' ಅನ್ನೋ ಮಾತಿಗೆ ಜೋಡಿಸುತ್ತಾರೆ: ಮುರಿಯುವುದು, ಬಾಗಿಸುವುದು. ಮೊಗಲರ ದಫ್ತರದ ಪಾರ್ಸಿ ಅವಸರದ ಬರಹದ ಹೆಸರು ಶಿಕಸ್ತಾ, ಅದರರ್ಥವೂ ಮುರಿದದ್ದು. ಜಪಾನಿನ ಹಳೆಯ ಕೂಡುಬರಹ ಕುಜುಶಿಜಿ, ಅಲ್ಲೂ ಮುರಿದ ಅಕ್ಷರ ಅಂತಲೇ ಅರ್ಥ. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಊರುಗಳ ಗುಮಾಸ್ತರಿಗೆ ಅಕ್ಷರ ಮುರಿದರೇನೇ ಕೈ ಓಡುತ್ತದೆ ಅನ್ನೋದು ಗೊತ್ತಿತ್ತು. ಇದನ್ನು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ.

ಓದುವವರು ಇಲ್ಲವಾದ ಕತೆಯೂ ಎಲ್ಲ ಕಡೆ ಒಂದೇ. ಜರ್ಮನಿಯಲ್ಲಿ 1941ರಲ್ಲಿ ನಾಜಿ ಸರ್ಕಾರ ಹಳೆಯ ಕೂಡುಬರಹವನ್ನು ಶಾಲೆಯಿಂದ ತೆಗೆಯಿತು. ಇವತ್ತು ಮೊಮ್ಮಕ್ಕಳಿಗೆ ಅಜ್ಜಿಯ ಪತ್ರ ಓದಲಾಗುವುದಿಲ್ಲ. ಜಪಾನಿನಲ್ಲಿ 1900ರಲ್ಲಿ ಶಾಲೆಗಳಿಗೆ ಒಂದು ಉಚ್ಚಾರಕ್ಕೆ ಒಂದೇ ಹಿರಗಾನ ಅಕ್ಷರ ಅಂತ ಗೊತ್ತುಮಾಡಿದರು, ಹಳೆಯ ಕೈಬರಹ ಜನರಿಂದ ದೂರವಾಯಿತು. ಆದರೆ ಅವರು ಕೈಕಟ್ಟಿ ಕೂರಲಿಲ್ಲ. 2021ರಲ್ಲಿ 'ಮಿವೊ' ಅನ್ನೋ ಆಪ್ ಬಂತು; ಹಳೆಯ ಪುಟದ ಫೋಟೋ ತೆಗೆದರೆ ಇಂದಿನ ಅಕ್ಷರದಲ್ಲಿ ತೋರಿಸುತ್ತದೆ.

ಮೋಡಿಯೂ 2014ರಲ್ಲಿ ಯೂನಿಕೋಡ್, ಅಂದರೆ ಕಂಪ್ಯೂಟರಿಗೆ ಅಕ್ಷರ ಗುರುತಿಸಿಕೊಡುವ ಸಂಕೇತಪಟ್ಟಿ, ಸೇರಿದೆ. ಕಂಪ್ಯೂಟರಿಗೆ ಓದಲು ಕಲಿಸಬಹುದು, ನಿಜ. ಆದರೆ ಕಲಿಸುವಾಗ ಇದು ಸರಿ, ಇದು ತಪ್ಪು ಅಂತ ಹೇಳಲು ಓದಬಲ್ಲ ಮನುಷ್ಯ ಬೇಕು. ನಮ್ಮ ಕಡೆ ನನಗೆ ಸಿಕ್ಕ ಆ ಮನುಷ್ಯರಿಗೆ ಈಗ ಎಂಬತ್ತು ದಾಟಿದೆ.

ಇಂಥ ಅವಸರದ ಬರಹ ಕನ್ನಡದ್ದೂ ಇದೆ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಾಡಿ ಬಳಪದಲ್ಲಿ ಬರೆಯುತ್ತಿದ್ದ ಕಡತಗಳು. ಕಚೇರಿಗಳಲ್ಲಿ ಇವತ್ತು 'ಕಡತ ವಿಲೇವಾರಿ' ಅನ್ನೋ ಮಾತು ಬಂದದ್ದು ಅಲ್ಲಿಂದಲೇ. ಅವುಗಳಲ್ಲಿನ ಓಟದ ಕನ್ನಡ ಅಕ್ಷರವನ್ನು ಎಂ.ಎ. ಮಾಡಿದವರೂ ತಡವರಿಸಿ ಓದುತ್ತಾರೆ.

ಮಕ್ಕಳ ಕೈಲಿ ಕಾಪಿ ಬರೆಸುವ ಬಗ್ಗೆ ಜಗಳ ನಡೆಯುತ್ತಲೇ ಇರುತ್ತದೆ. ಬರೆಸದಿದ್ದರೂ ನನಗೆ ಬೇಸರವಿಲ್ಲ. ನನಗೆ ಬೇಕಾದದ್ದು ಓದು. ಇತಿಹಾಸ ಎಂ.ಎ., ಕನ್ನಡ ಎಂ.ಎ. ತರಗತಿಗಳಲ್ಲಿ ಶಾಸನ ಓದಿಸುವಷ್ಟೇ ಶ್ರದ್ಧೆಯಿಂದ ಮೋಡಿ, ಕಡತ ಓದಿಸಬೇಕು. ಕಂದಾಯ ಇಲಾಖೆ ಓದಬಲ್ಲವರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಬೇಕು. ಶಾಸನದಲ್ಲಿ ರಾಜ ಸಿಗುತ್ತಾನೆ, ದಾನ ಸಿಗುತ್ತದೆ. ನಮ್ಮಂಥವರ ಸಾಲ, ಹೊಲ, ಬಾವಿ, ಜಗಳ ಸಿಗುವುದು ಈ ಅವಸರದ ಅಕ್ಷರದಲ್ಲಿ.

ಮಾಸ್ತರರು ಮೂರು ದಿನ ತೆಗೆದುಕೊಂಡರು. ಬಾವಿಯ ನೀರು ಎರಡೂ ಮನೆಗೆ, ದಿನ ಬಿಟ್ಟು ದಿನ ಅಂತ ಬರೆದಿತ್ತು. ಕೆಳಗೆ ಮುತ್ತಜ್ಜನ ಹೆಸರಿನ ಪಕ್ಕ ಒಂದು ಓರೆಕೋರೆ ಗುರುತಿದೆ. ಚಿಕ್ಕಂದಿನಿಂದ ಅದನ್ನು ಶಾಯಿ ಚೆಲ್ಲಿದ್ದು ಅಂದುಕೊಂಡಿದ್ದೆ. ಮಾಸ್ತರರು ಅದರ ಮೇಲೆ ಬೆರಳಿಟ್ಟು, "ಇದು ನಿಮ್ಮ ಮುತ್ತಜ್ಜನ ಸಹಿ ರೀ. ನೇಗಿಲ ತೆಗ್ದಾನ" ಅಂದರು.